ಮರ ಹತ್ತುವವನೂ ಉಳಿಯಬೇಕು

ತುಮಕೂರಿನಿಂದ ತಿಪಟೂರಿಗೆ ಹೋಗುವ ಹೆದ್ದಾರಿಯೂ ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಹೋಗುವ ರಸ್ತೆಯೂ ಸಂಧಿಸುವ ಜಾಗವನ್ನು ಜನ ಕೆ.ಬಿ. ಕ್ರಾಸ್ ಎಂದು ಕರೆಯುತ್ತಾರೆ. ಬಸ್ಸಿನ ಹಲಗೆಯ ಮೇಲೆ ಎರಡೇ ಅಕ್ಷರವಾಗಿ ಉಳಿದಿರುವ ಆ ಹೆಸರು ನಮ್ಮೂರು ಕಿಬ್ಬನಹಳ್ಳಿಯದು. ಅಲ್ಲಿಂದ ನಾಲ್ಕು ದಿಕ್ಕಿನಲ್ಲಿ ಯಾವ ದಿಕ್ಕಿಗೆ ಹೊರಟರೂ ಕಣ್ಣಿಗೆ ಮೊದಲು ಬೀಳುವುದು ತೆಂಗು. ನಮ್ಮ ಕಡೆ ಮದುವೆಯ ಮಾತಿಗೆ ಕುಳಿತವರು ಎಷ್ಟು ಎಕರೆ ಎಂದು ಕೇಳುವ ಮೊದಲು ಎಷ್ಟು ಮರ ಎಂದು ಕೇಳುತ್ತಾರೆ. 'ತಿಪಟೂರು ಟಾಲ್' ಎಂಬ ತಳಿಯ ಹೆಸರಿನಲ್ಲಿಯೇ ನಮ್ಮ ಸೀಮೆಯ ಗುರುತಿದೆ. ತಿಪಟೂರಿನ ಮಾರುಕಟ್ಟೆಯ ಉಂಡೆ ಕೊಬ್ಬರಿ ಉತ್ತರ ಹಿಂದೂಸ್ಥಾನದ ಮದುವೆ ಮುಂಜಿಗಳ ತಟ್ಟೆಯನ್ನೂ ಸೇರುತ್ತದೆ.

ಕೇಳುಗ ಮಿತ್ರರೇ, ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಈ ತೆಂಗನ್ನು ನಂಬಿ ದುಡಿಯುವ ಮೈಯ ವಿಚಾರವನ್ನು. ಆ ಮೈಗೂ, ಇಂದು ಎಲ್ಲರ ನಾಲಗೆಯ ಮೇಲಿರುವ 'ಸುಸ್ಥಿರ ಅಭಿವೃದ್ಧಿ' ಎಂಬ ಮಾತಿಗೂ ಇರುವ ಸಂಬಂಧವನ್ನು ತಿಳಿಯುವಷ್ಟರ ಮಟ್ಟಿಗೆ ವಿವರಿಸುವುದು ನನ್ನ ಉದ್ದೇಶ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಯಂತ್ರಶಾಸ್ತ್ರ ಓದಿದವನಲ್ಲ, ವೈದ್ಯನೂ ಅಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣ ಒಂದು ಹಳೆಯ ಋಣ.

ನಾನು ಮಾಧ್ಯಮಿಕ ಶಾಲೆಯಲ್ಲಿದ್ದ ಕಾಲದ ಮಾತು. ನಮ್ಮ ತೋಟದ ಕಾಯಿ ಕೆಡವಲು ಒಬ್ಬರು ಬರುತ್ತಿದ್ದರು. ನನಗಿಂತ ಹಿರಿಯರಾದ ಅವರನ್ನು ನಾನು ಅಣ್ಣಯ್ಯ ಎಂದೇ ಕರೆಯುತ್ತಿದ್ದೆ. ಎರಡು ಪಾದಗಳಿಗೂ ನಾರಿನ ಹಗ್ಗದ ಬಳೆಯೊಂದನ್ನು ತೊಡಿಸಿ, ಸೊಂಟಕ್ಕೆ ಮಚ್ಚು ಸಿಕ್ಕಿಸಿ, ಮರವನ್ನು ತಬ್ಬಿಕೊಂಡು ಅವರು ಏರುತ್ತಿದ್ದ ರೀತಿಯನ್ನು ಕೆಳಗೆ ನಿಂತು ನೋಡುವುದೇ ನಮಗೊಂದು ಆಟ. ಸೋನೆ ಹಿಡಿದಿದ್ದ ಒಂದು ಬೆಳಗ್ಗೆ ಅವರು ಅರ್ಧ ಮರದಿಂದ ಜಾರಿ ಬಿದ್ದರು. ಜೀವ ಉಳಿಯಿತು, ಬೆನ್ನುಮೂಳೆ ಉಳಿಯಲಿಲ್ಲ. ಆಮೇಲೆ ಅವರು ಬದುಕಿದ್ದಷ್ಟು ಕಾಲವೂ ಜಗಲಿಯ ಮೇಲೆ ಮಲಗಿಯೇ ಕಳೆದರು. ನಮ್ಮ ಮನೆಯಿಂದ ರಾಗಿ ಹೋಯಿತು, ಸ್ವಲ್ಪ ಹಣವೂ ಹೋಯಿತು. ಊರಿನವರು ಆಡಿದ ಮಾತು ಒಂದೇ: “ಮರದ ಮೇಲೆ ಇರೋನಿಗೆ ಗ್ಯಾನ ಬ್ಯಾಡವೆ?” ತಪ್ಪು ಬಿದ್ದವನದೇ ಎಂದು ಎಲ್ಲರೂ ತೀರ್ಮಾನಿಸಿದರು. ನಾನೂ ಹಾಗೆಯೇ ನಂಬಿದೆ. ಆ ನಂಬಿಕೆ ತಪ್ಪೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಅದನ್ನು ತಿಳಿಸಿಕೊಟ್ಟದ್ದು ಎರ್ಗಾನಾಮಿಕ್ಸ್ ಎಂಬ ಶಾಸ್ತ್ರ.

ಈ ಹೆಸರು ಗ್ರೀಕ್ ಮೂಲದ್ದು. 'ಎರ್ಗೋನ್' ಎಂದರೆ ಕೆಲಸ, 'ನೋಮೋಸ್' ಎಂದರೆ ನಿಯಮ. ಪೋಲೆಂಡಿನ ಯಾಸ್ತ್ರಜೆಂಬೋವ್ಸ್ಕಿ ಎಂಬ ವಿದ್ವಾಂಸ 1857ರಲ್ಲಿಯೇ ಈ ಎರಡು ಪದಗಳನ್ನು ಕೂಡಿಸಿದ್ದ. ಅದು ಮರೆತುಹೋಗಿ, 1949ರಲ್ಲಿ ಇಂಗ್ಲೆಂಡಿನ ಮರೆಲ್ ಎಂಬವರು ಅದೇ ಪದವನ್ನು ತಾವಾಗಿ ಕಟ್ಟಿ ಬಳಕೆಗೆ ತಂದರು. ಅಮೆರಿಕದಲ್ಲಿ ಇದೇ ವಿದ್ಯೆಗೆ 'ಹ್ಯೂಮನ್ ಫ್ಯಾಕ್ಟರ್ಸ್' ಎಂಬ ಹೆಸರು ರೂಢಿಗೆ ಬಂತು. ಮಾನವ ಅಂಶಗಳು ಎಂದು ಅದನ್ನು ತಿಳಿಯಬಹುದು. ಕನ್ನಡದಲ್ಲಿ ಶ್ರಮವಿಜ್ಞಾನ ಎಂದರೆ ಅರ್ಧ ಅರ್ಥ ಮಾತ್ರ ಬಂದೀತು. ನನ್ನನ್ನು ಕೇಳಿದರೆ ಇದನ್ನು 'ದುಡಿಮೆಯ ಹದ' ಎಂದು ಕರೆದೇನು. ಹದ ಎಂಬುದು ನಮ್ಮ ಒಕ್ಕಲುತನದ ಮಾತು. ಬಿತ್ತನೆಗೆ ಮಣ್ಣಿನ ಹದ ನೋಡುವ ನಾವು ದುಡಿಮೆಗೆ ಮೈಯ ಹದವನ್ನು ನೋಡುವುದಿಲ್ಲ. ಕೆಲಸಕ್ಕೆ ತಕ್ಕಂತೆ ಮನುಷ್ಯನನ್ನು ಬಗ್ಗಿಸಬಾರದು, ಮನುಷ್ಯನಿಗೆ ತಕ್ಕಂತೆ ಕೆಲಸವನ್ನೂ ಸಲಕರಣೆಯನ್ನೂ ಹೊಂದಿಸಬೇಕು ಎಂಬುದೇ ಈ ಶಾಸ್ತ್ರದ ತಿರುಳು.

ಈ ಆಲೋಚನೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ. ರೋಗಿಯ ಬಳಿಗೆ ಹೋದ ವೈದ್ಯ ಉಳಿದ ಪ್ರಶ್ನೆಗಳ ಜೊತೆಗೆ “ನಿನ್ನ ಕಸುಬೇನು?” ಎಂದೂ ಕೇಳಬೇಕೆಂಬುದು ಅವನ ಸಲಹೆ. ಕೇಳಲು ಸಣ್ಣ ಮಾತು. ಆದರೆ ರೋಗಕ್ಕೆ ದುಡಿಮೆಯೇ ಕಾರಣವಾಗಿರಬಹುದೆಂಬ ದೊಡ್ಡ ಅರಿವು ಅದರಲ್ಲಿ ಅಡಗಿದೆ. ನಮ್ಮಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಗೌರವ ಜಗತ್ತಿನಲ್ಲಿಯೇ ಅಪೂರ್ವವಾದುದು. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನೂ ಸೌದೆ ಹೊರುತ್ತಿದ್ದ ಮೋಳಿಗೆ ಮಾರಯ್ಯನೂ ನಮಗೆ ಪೂಜ್ಯರು. ಆದರೆ ಮಾರಯ್ಯನಿಗೆ ಕೈಮುಗಿದ ನಾವು, ನಮ್ಮ ಕಣ್ಣೆದುರು ಸೌದೆ ಹೊರುವವಳ ಕತ್ತಿನ ನೋವನ್ನು ಕೇಳಿದ್ದೇವೆಯೆ? ಕಾಯಕವನ್ನು ಗೌರವಿಸುವುದರ ಜೊತೆಗೆ ಕಾಯವನ್ನೂ ಕಾಯಬೇಕೆಂಬ ಭಾಗವನ್ನು ನಾವು ಮರೆತೆವೇನೋ ಎಂದು ನನಗೆ ಅನ್ನಿಸುತ್ತದೆ.

ಇಪ್ಪತ್ತನೆಯ ಶತಮಾನದ ಒಂದು ಪ್ರಸಂಗ ಈ ಶಾಸ್ತ್ರದ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದ ಬಿ-17 ಎಂಬ ಬಾಂಬರ್ ವಿಮಾನಗಳು ಕ್ಷೇಮವಾಗಿ ನೆಲಕ್ಕೆ ಇಳಿದ ಮೇಲೆ ಓಡುದಾರಿಯಲ್ಲಿಯೇ ಹೊಟ್ಟೆ ಊರಿ ಕುಸಿಯುತ್ತಿದ್ದವು. ರೆಕ್ಕೆಯ ಫಲಕವನ್ನು ಒಳಗೆಳೆಯಬೇಕಾದ ಪೈಲಟ್, ಚಕ್ರಗಳನ್ನು ಒಳಗೆಳೆದುಬಿಡುತ್ತಿದ್ದ. ಪೈಲಟ್ಟಿನ ಅಜಾಗರೂಕತೆ ಎಂದು ವರದಿಯಾಗುತ್ತಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ವಿಮಾನದೊಳಗೆ ಹೊಕ್ಕು ನೋಡಿದ. ಎರಡು ಹಿಡಿಗಳೂ ಅಕ್ಕಪಕ್ಕದಲ್ಲಿದ್ದವು. ಆಕಾರವೂ ಒಂದೇ ಬಗೆಯದಾಗಿತ್ತು. ದಣಿದು ಬಂದವನ ಕೈ, ಕತ್ತಲೆಯಲ್ಲಿ, ಅವೆರಡರ ಭೇದವನ್ನು ಹೇಗೆ ತಿಳಿಯಬೇಕು? ಚಪಾನಿಸ್ ಚಕ್ರದ ಹಿಡಿಗೆ ಒಂದು ಪುಟ್ಟ ರಬ್ಬರ್ ಚಕ್ರವನ್ನೂ ರೆಕ್ಕೆಯ ಹಿಡಿಗೆ ಬೆಣೆಯಾಕಾರದ ತುಂಡನ್ನೂ ಜೋಡಿಸಿದ. ಮುಟ್ಟಿದರೆ ಕೈಗೇ ವ್ಯತ್ಯಾಸ ತಿಳಿಯುವಂತಾಯಿತು. ಆ ಬಗೆಯ ಅಪಘಾತ ನಿಂತಿತು.

ಈ ಪ್ರಸಂಗವನ್ನು ನಾನು ಓದಿದ ದಿನ ನನಗೆ ಅಣ್ಣಯ್ಯನವರ ನೆನಪಾಯಿತು. ಅಂದು ಬೆಳಗ್ಗೆ ಮರದ ಮೈ ಒದ್ದೆಯಾಗಿತ್ತು, ಪಾಚಿ ಕಟ್ಟಿತ್ತು. ಅವರು ಮಬ್ಬುಗತ್ತಲೆಯಿಂದ ಒಂದೇ ಸಮನೆ ಹತ್ತಿ ಇಳಿಯುತ್ತಿದ್ದರು. ಕೂಲಿ ದಿನದ ಲೆಕ್ಕದ್ದಲ್ಲ, ಮರದ ಲೆಕ್ಕದ್ದು, ನಿಂತರೆ ನಷ್ಟ. ಮಧ್ಯಾಹ್ನಕ್ಕೆ ಹಸಿಕಾಯಿ ಕೊಳ್ಳುವವರ ಲಾರಿ ಬರುವುದಿತ್ತು. ಅಷ್ಟರೊಳಗೆ ಮುಗಿಯಬೇಕೆಂದು ಹೇಳಿದವರು ನಮ್ಮ ಮನೆಯವರೇ. ಆ ಮಾತನ್ನು ಅವರಿಗೆ ಮುಟ್ಟಿಸಲು ತೋಟಕ್ಕೆ ಓಡಿದ ಹುಡುಗ ನಾನೇ. ಇಷ್ಟು ಕಾರಣಗಳು ಕಣ್ಣ ಮುಂದಿದ್ದರೂ ನಾವು ಕಂಡದ್ದು ಅವರ 'ಗ್ಯಾನ' ತಪ್ಪಿದ್ದನ್ನು ಮಾತ್ರ.

ಇನ್ನು ನಮ್ಮ ಕೊಬ್ಬರಿಯ ದಾರಿಯನ್ನು ಮೈಯ ಕಣ್ಣಿನಿಂದ ಒಮ್ಮೆ ನೋಡೋಣ. ಬಲಿತ ತಿಪಟೂರು ತೆಂಗಿನ ಮರ ಶ್ರವಣಬೆಳಗೊಳದ ಗೊಮ್ಮಟನಷ್ಟು ಎತ್ತರವೆಂದು ಹೇಳಿದರೆ ತಪ್ಪಾಗಲಾರದು. ಗೊಮ್ಮಟನ ಎತ್ತರ ಸುಮಾರು 57 ಅಡಿ. ದಿನಕ್ಕೆ ಮೂವತ್ತು ಮರ ಹತ್ತುವವನು ಗೊಮ್ಮಟನ ಪಾದದಿಂದ ನೆತ್ತಿಯವರೆಗೆ ಮೂವತ್ತು ಬಾರಿ ಏರಿ ಮೂವತ್ತು ಬಾರಿ ಇಳಿದಂತಾಯಿತು. ಒಟ್ಟು ಏರಿಕೆ 1,700 ಅಡಿಗೂ ಹೆಚ್ಚು. ಅದೂ ಮೆಟ್ಟಿಲುಗಳಿಲ್ಲದೆ, ಅಂಗೈ ಅಂಗಾಲುಗಳ ಹಿಡಿತವೊಂದನ್ನೇ ನಂಬಿ.

ಬಲಿತು ಇಳಿದ ಕಾಯಿ ಅಟ್ಟ ಸೇರುತ್ತದೆ. ಅಲ್ಲಿ ಎಂಟರಿಂದ ಹನ್ನೆರಡು ತಿಂಗಳು ಸಿಪ್ಪೆಸಮೇತ ಒಣಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಡಗಡ ಸದ್ದು ಮಾಡಿದಾಗ ಕೊಬ್ಬರಿ ಆಯಿತೆಂದು ಅರ್ಥ. ಇಷ್ಟು ಕಾಲದ ಕೆಲಸವನ್ನು ಬಿಸಿಲೂ ಗಾಳಿಯೂ ಮಾಡುತ್ತವೆ. ಇದಕ್ಕೆ ಸೌದೆ ಬೇಡ, ವಿದ್ಯುತ್ತು ಬೇಡ. ಪರಿಸರದ ದೃಷ್ಟಿಯಿಂದ ಇಷ್ಟು ನಿರುಪದ್ರವಿಯಾದ ಉದ್ಯಮ ಅಪರೂಪ. ಆದರೆ ಅಟ್ಟಕ್ಕೆ ಕಾಯಿ ಏರಿಸುವವರು ಯಾರು, ಇಳಿಸುವವರು ಯಾರು? ನೆಲಕ್ಕೆ ನೆಟ್ಟ ಕಬ್ಬಿಣದ ಹಾರೆಯ ಮೊನೆಗೆ ಕಾಯನ್ನು ಚುಚ್ಚಿ, ಮೈಭಾರವನ್ನೆಲ್ಲ ಬಿಟ್ಟು, ಹೊರಳಿಸಿ ಮಟ್ಟೆ ಸುಲಿಯುವವರನ್ನು ನೋಡಿ. ದಿನಕ್ಕೆ ಸಾವಿರ ಕಾಯಿ ಸುಲಿಯುವ ನುರಿತವರಿದ್ದಾರೆ. ಕಾಯಿಗೆ ಮೂರು ಸಲ ಬಾಗಿದರೂ ಮೂರು ಸಾವಿರ ಸಲ ಸೊಂಟ ಬಾಗಬೇಕು. ಮಣಿಕಟ್ಟು ಮೂರು ಸಾವಿರ ಸಲ ತಿರುಚಬೇಕು. ಮೊನೆಯ ಎತ್ತರ ಸುಲಿಯುವವನ ಎತ್ತರಕ್ಕೆ ಹೊಂದಿದೆಯೇ ಎಂದು ಕೇಳುವವರಿಲ್ಲ. ಆ ಬಳಿಕ ಹೆಂಗಸರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಎಡಗೈಯಲ್ಲಿ ಕಾಯಿ ಹಿಡಿದು ಬಲಗೈಯಲ್ಲಿ ಮಚ್ಚಿನಿಂದ ಚಿಪ್ಪು ಬಿಡಿಸುತ್ತಾರೆ. ಉಂಡೆ ಒಡೆದರೆ ಬೆಲೆ ಹೋಯಿತು. ಆದ್ದರಿಂದ ಕಣ್ಣೂ ಬೆರಳೂ ಇಡೀ ದಿನ ಬಿಗಿಯಾಗಿಯೇ ಇರಬೇಕು. ಕೊನೆಗೆ ಚೀಲ. ಚೀಲದ ಗಾತ್ರವನ್ನು ಗೊತ್ತುಮಾಡಿದ್ದು ತಕ್ಕಡಿಯ ಅನುಕೂಲ. ಬೆನ್ನಿನ ಅನುಕೂಲವನ್ನು ಯಾರೂ ಕೇಳಲಿಲ್ಲ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋಗ್ರಾಮಿಗಿಂತ ಹೆಚ್ಚಿದ್ದಲ್ಲಿ ಅದನ್ನು ಆ ಮಿತಿಗೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತು. ಅಮೆರಿಕದ ವೃತ್ತಿಸುರಕ್ಷಾ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲ ಅನುಕೂಲಗಳಿದ್ದಾಗಲೂ ಒಬ್ಬನು ಎತ್ತಬಹುದಾದ ಭಾರ 23 ಕಿಲೋಗ್ರಾಂ. ಬಗ್ಗಿ, ತಿರುಗಿ, ಮತ್ತೆ ಮತ್ತೆ ಎತ್ತಬೇಕಾದಲ್ಲಿ ಅದು ಇನ್ನೂ ಇಳಿಯುತ್ತದೆ. ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಮಾರುಕಟ್ಟೆಯ ಪ್ರಾಂಗಣದಲ್ಲಿ ಒಂದು ಗಂಟೆ ನಿಂತರೆ ಸಾಕು.

“ಇದೆಲ್ಲ ಕೂಲಿಯವರ ಕಷ್ಟಸುಖದ ಮಾತಾಯಿತು; ಸುಸ್ಥಿರ ಅಭಿವೃದ್ಧಿಗೂ ಇದಕ್ಕೂ ಏನು ಸಂಬಂಧ?” ಎಂದು ನೀವು ಕೇಳಬಹುದು. ವಿಶ್ವಸಂಸ್ಥೆ ನೇಮಿಸಿದ್ದ ಬ್ರಂಟ್‌ಲ್ಯಾಂಡ್ ಆಯೋಗ 1987ರಲ್ಲಿ ಒಂದು ವಿವರಣೆಯನ್ನು ಕೊಟ್ಟಿತು. ಮುಂದಿನ ಪೀಳಿಗೆಯವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಕುಂದು ಬಾರದಂತೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂಬುದು ಅದರ ಸಾರ. ಇದನ್ನು ಕೇಳಿದೊಡನೆ ನಮ್ಮ ಮನಸ್ಸು ಕಾಡು, ನೀರು, ಮಣ್ಣುಗಳ ಕಡೆಗೆ ಹರಿಯುತ್ತದೆ. ಹರಿಯುವುದು ಯೋಗ್ಯವೇ. ಆದರೆ ಮನುಷ್ಯನ ಮೈಯೂ ಹಾಗೆಯೇ ಸವೆದುಹೋಗುವ ಒಂದು ಸಂಪತ್ತಲ್ಲವೆ? ತಾತ ನೆಟ್ಟ ತೆಂಗು ಅರವತ್ತು ಎಂಬತ್ತು ವರ್ಷ ನಿಂತು ಮೊಮ್ಮಗನಿಗೆ ಫಲ ಕೊಡುತ್ತದೆ. ಅದನ್ನು ಹತ್ತುವವನ ಮೈ ಇಪ್ಪತ್ತೈದು ವರ್ಷ ತಡೆದರೆ ಹೆಚ್ಚು. ನಾನು ಕಂಡವರಲ್ಲಿ ನಲವತ್ತೈದು ದಾಟಿದ ಮೇಲೆ ಮರದ ಮೇಲಿದ್ದವರು ವಿರಳ. ಅವರ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು. ಅಪ್ಪನ ಬೆನ್ನನ್ನು ಕಂಡ ಮಗ ಅಪ್ಪನ ಕಸುಬನ್ನು ಹಿಡಿಯದಿದ್ದರೆ ಅದನ್ನು ಸೋಮಾರಿತನ ಎನ್ನಲಾದೀತೆ?

ಇದರ ಪರಿಣಾಮ ತೋಟದ ಮೇಲೆಯೇ ಆಗುತ್ತದೆ. ಕಾಯಿ ತಾನಾಗಿ ಉದುರಲಿ ಎಂದು ಬಿಟ್ಟು, ಬಿದ್ದದ್ದನ್ನು ಆರಿಸಿಕೊಳ್ಳುವವರು ಹೆಚ್ಚಾದರು. ಕೊಬ್ಬರಿಗೆ ಅದು ನಡೆದೀತು. ಆದರೆ ಮರ ಹತ್ತುವವನು ಕಾಯಿಯನ್ನಷ್ಟೇ ಕೆಡವುತ್ತಿರಲಿಲ್ಲ. ಒಣಗಿದ ಗರಿಗಳನ್ನು ಸವರಿ, ಸುಳಿಯನ್ನು ಶುಚಿಮಾಡಿ, ದುಂಬಿ ಕೊರೆದಿದೆಯೆ, ಕಪ್ಪುತಲೆ ಹುಳು ಬಂದಿದೆಯೆ, ಕೆಂಪುಮೂತಿ ಹುಳುವಿನ ಗುರುತಿದೆಯೆ ಎಂದು ನೋಡಿ ಇಳಿದು ಬಂದು ಹೇಳುತ್ತಿದ್ದ. ಅವನು ತೋಟದ ಕಣ್ಣಾಗಿದ್ದ. ಆ ಕಣ್ಣು ಇಲ್ಲವಾದ ಮೇಲೆ ರೋಗ ನಮಗೆ ತಿಳಿಯುವುದು ಮರದ ತಲೆ ಬಾಗಿದಾಗಲೇ. ಮನುಷ್ಯನ ಮೈಯನ್ನು ಕಾಯದ ಕಸುಬು ಕೊನೆಗೆ ಮರವನ್ನೂ ಕಾಯಲಾರದು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಮೈಯ ಉಳಿವೂ ನೆಲದ ಉಳಿವೂ ಒಂದೇ ಎಂಬುದಕ್ಕೆ ದೂರದ ಸಾಕ್ಷಿ ಬೇಡ. ನಮ್ಮ ತುಮಕೂರು ಜಿಲ್ಲೆಯಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿಕೊಂಡಿತು. ವಿಜ್ಞಾನವನ್ನು ಹಳ್ಳಿಗೆ ಅನ್ವಯಿಸುವುದು ಅದರ ಗುರಿ. ಅವರು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ನೆಲೆ ಮಾಡಿಕೊಂಡು, ಹಳ್ಳಿಯ ಮನೆಗಳಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಯಾರ ಮೈಯಿಂದ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿದರು. ಸೌದೆ ತರುವುದರಲ್ಲಿ, ನೀರು ಹೊರುವುದರಲ್ಲಿ, ಅಡಿಗೆಯಲ್ಲಿ ಹೆಂಗಸರೂ ಮಕ್ಕಳೂ ವೆಚ್ಚ ಮಾಡುವ ಗಂಟೆಗಳು ಆ ಲೆಕ್ಕದಲ್ಲಿ ಮೇಲೆ ಎದ್ದು ಕಂಡವು. ಮುಂದೆ ಆ ಕೇಂದ್ರದಿಂದ 'ಅಸ್ತ್ರ ಒಲೆ' ಬಂತು. ಸೌದೆ ಕಡಿಮೆ ಸಾಕು. ಹೊಗೆ ಕೊಳವೆಯ ಮೂಲಕ ಮನೆಯ ಹೊರಕ್ಕೆ. ನಮ್ಮ ತಾಯಿ ತೆಂಗಿನ ಮಟ್ಟೆ, ಗರಿಗಳನ್ನು ತುರುಕಿ, ಊದುಕೊಳವೆ ಹಿಡಿದು, ಕಣ್ಣೊರೆಸಿಕೊಳ್ಳುತ್ತ ಮುದ್ದೆ ಬೇಯಿಸುತ್ತಿದ್ದುದನ್ನು ಕಂಡ ನನಗೆ ಈ ಒಲೆಯ ಬೆಲೆ ಗೊತ್ತು. ಸೌದೆ ಉಳಿದದ್ದು ಕಾಡಿನ ಲಾಭ, ಕಣ್ಣು ಉಳಿದದ್ದು ತಾಯಿಯ ಲಾಭ. ಒಂದೇ ಒಲೆಯಲ್ಲಿ ಎರಡೂ ಆದವು.

ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆ ಇನ್ನೂ ಬೋಧಪ್ರದವಾದುದು. ಅಲ್ಲಿ ಊರಿಗೆಲ್ಲ ಸೇರಿದ ಗೋಬರ್ ಅನಿಲದ ಘಟಕವೊಂದನ್ನು ಕಟ್ಟಿ, ಮನೆಮನೆಗೂ ಅಡಿಗೆಯ ಅನಿಲ ಕೊಡಬೇಕೆಂಬುದು ಮೊದಲ ಯೋಜನೆ. ಸಗಣಿ ಸಾಲದೆ ಅದು ಕೈಗೂಡಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು ಎಂಬುದೂ ತಿಳಿದುಬಂತು. ವಿಜ್ಞಾನಿಗಳು ಹಟ ಮಾಡದೆ ಯೋಜನೆಯನ್ನೇ ಬದಲಿಸಿದರು. 1987ರಿಂದ ಆ ಅನಿಲದ ಬಲದಿಂದ ಎಂಜಿನ್ ನಡೆಸಿ, ವಿದ್ಯುತ್ತು ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ಮನೆಗಳಿಗೆ ಹರಿಸಿದರು, ದೀಪಗಳನ್ನೂ ಬೆಳಗಿಸಿದರು. ಸಗಣಿ ಕೊಟ್ಟವರಿಗೆ ಗೊಬ್ಬರದ ಬಗ್ಗಡ ಹಿಂದಕ್ಕೆ ಸಿಗುತ್ತಿತ್ತು. ಬಳಸುವವರನ್ನು ಮೊದಲು ಕೇಳಬೇಕು ಎಂಬುದು ಎರ್ಗಾನಾಮಿಕ್ಸಿನ ಮೊದಲ ಪಾಠ. ಆ ಪಾಠವನ್ನು ಪುರದ ಜನ ಆ ಶಾಸ್ತ್ರದ ಹೆಸರು ಕೇಳದೆಯೇ ಕಲಿಸಿದರು.

ನಾನು ಈ ಪಾಠವನ್ನು ಓದಿ ತಿಳಿದಿದ್ದೆ, ಆದರೆ ಕಲಿತಿರಲಿಲ್ಲ. ಅದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಕೇರಳದ ಕಣ್ಣೂರು ಜಿಲ್ಲೆಯ ಚೆಂಪೇರಿಯ ಎಂ. ಜೆ. ಜೋಸೆಫ್ ಎಂಬವರು ತೆಂಗಿನ ಮರ ಹತ್ತುವ ಒಂದು ಸಲಕರಣೆಯನ್ನು ರೂಪಿಸಿದರು. ಎರಡು ಕಬ್ಬಿಣದ ಚೌಕಟ್ಟುಗಳು, ಅವಕ್ಕೆ ಮರವನ್ನು ಬಳಸುವ ತಂತಿಹಗ್ಗದ ಕುಣಿಕೆಗಳು. ಒಂದರ ಮೇಲೆ ಭಾರವೂರಿ ನಿಂತು ಮತ್ತೊಂದನ್ನು ಮೇಲಕ್ಕೆತ್ತಿದರೆ ಮೆಟ್ಟಿಲು ಏರಿದಂತೆ ಏರಬಹುದು. ಭಾರ ಬಿದ್ದಷ್ಟೂ ಕುಣಿಕೆ ಮರವನ್ನು ಬಿಗಿಯುತ್ತದೆ. 1981ರಲ್ಲಿ ಸ್ಥಾಪಿತವಾದ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ಯೋಜನೆಯನ್ನು ಆರಂಭಿಸಿ, ಯಂತ್ರದಿಂದ ಮರ ಹತ್ತುವ ತರಬೇತಿಯನ್ನು ಯುವಕರಿಗೂ ಮಹಿಳೆಯರಿಗೂ ಕೊಡತೊಡಗಿತು. ಹುಟ್ಟಿನಿಂದ ಬಂದ ಕಸುಬು, ಕಲಿತು ಮಾಡುವ ವೃತ್ತಿಯಾಗುವ ದಾರಿ ಅದು. ನಮ್ಮ ನಾಡಿನಲ್ಲಿಯೇ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಎಂಜಿನ್ ಜೋಡಿಸಿದ, ಕುಳಿತು ಅಡಕೆ ಮರ ಏರುವ ವಾಹನವನ್ನು ತಯಾರಿಸಿದ್ದು 2019ರಲ್ಲಿ ದೇಶದ ಗಮನ ಸೆಳೆಯಿತು. ಇಬ್ಬರ ಸಲಕರಣೆಗಳೂ ಮರದ ಬುಡದಲ್ಲಿ ನಿಂತು ಕಷ್ಟ ಕಂಡವರ ಕೈಯಿಂದ ಬಂದವು ಎಂಬುದು ಗಮನಾರ್ಹ.

ನಾನು ನಿವೃತ್ತನಾಗಿ ಊರಿಗೆ ಬಂದ ಮೇಲೆ ಅಂಥದೊಂದು ಸಲಕರಣೆಯನ್ನು ಕೊಂಡು ತಂದೆ. ಕಾಯಿ ಕೆಡವಲು ಬರುತ್ತಿದ್ದುದು ಅಣ್ಣಯ್ಯನವರ ಮಗ. ಇಂದಿನಿಂದ ಇದರಲ್ಲಿಯೇ ಹತ್ತಬೇಕೆಂದು ಹೇಳಿ ನನ್ನ ಋಣ ತೀರಿತೆಂದು ಭಾವಿಸಿದೆ. ಎರಡು ದಿನ ಹತ್ತಿದರು. ಮೂರನೆಯ ದಿನ ಅದು ಕೊಟ್ಟಿಗೆಯ ಗೋಡೆಗೆ ನೇತುಬಿತ್ತು. ಅವರು ಮತ್ತೆ ಹಗ್ಗದ ಬಳೆಯನ್ನೇ ತೊಟ್ಟರು. ಹಳ್ಳಿಯವರು ಹೊಸದನ್ನು ಒಪ್ಪುವುದಿಲ್ಲ ಎಂದು ನಾನು ವಿದ್ಯಾವಂತನ ಹಾಗೆ ನಿಟ್ಟುಸಿರುಬಿಟ್ಟೆ. ಒಂದು ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ ಕೇಳಿದೆ. “ಮೇಷ್ಟ್ರೇ, ನೀವು ಅದನ್ನ ತಂದಾಗ ನನ್ನ ಕಾಲು ನೋಡಿದ್ರಾ?” ಎಂದರು. ಅವರ ಕಾಲಿನದು ಅಗಲವಾದ, ಬೆರಳು ಬಿಚ್ಚಿಕೊಂಡ ಬರಿಯ ಪಾದ. ಸಲಕರಣೆಯ ಮೆಟ್ಟು ಬೂಟಿನ ಕಾಲಿಗೆ ಒಪ್ಪುವಂಥದು. ತಂತಿಯ ಪಟ್ಟಿ ಪಾದದ ಮೇಲೆ ಕೊರೆದು ಗಾಯವಾಗಿತ್ತು. ಬುಡ ದಪ್ಪ, ಮೇಲೆ ಹೋದಂತೆ ಮರ ತೆಳ್ಳಗೆ. ಕುಣಿಕೆಯನ್ನು ನಡುವೆ ಸರಿಮಾಡಿಕೊಳ್ಳುವ ಉಪಾಯವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಮರದಿಂದ ಮರಕ್ಕೆ ಅದನ್ನು ಬಿಚ್ಚಿ, ಹೊತ್ತು, ಮತ್ತೆ ಕಟ್ಟುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. ನಾನು ಕೊಡುತ್ತಿದ್ದುದು ಮಾತ್ರ ಹಿಂದಿನಂತೆಯೇ ಮರದ ಲೆಕ್ಕದ ಕೂಲಿ. “ಯಂತ್ರ ನಿಮ್ದು, ತಡ ಆದ್ರೆ ಲುಕ್ಸಾನು ನಂದು” ಎಂದರು. ಸಲಕರಣೆಯನ್ನು ಕುರಿತು ನಾನು ಓದಿದ ಯಾವ ಬರಹವೂ ನನಗೆ ಅಷ್ಟು ಚೆನ್ನಾಗಿ ಪಾಠ ಹೇಳಿರಲಿಲ್ಲ.

ಆ ಒಂದೇ ವಾಕ್ಯದಲ್ಲಿ ಈ ಶಾಸ್ತ್ರದ ಮುಖ್ಯ ಶಾಖೆಗಳ ಪೈಕಿ ಎರಡು ಅಡಗಿವೆ. ಪಾದಕ್ಕೆ ಮೆಟ್ಟು ಹೊಂದುವುದು ಮೈಗೆ ಸಂಬಂಧಿಸಿದ ಶಾಖೆ. ಕೂಲಿ, ವಿರಾಮ, ವೇಳೆಗಳ ಏರ್ಪಾಡು ಸಂಘಟನೆಗೆ ಸಂಬಂಧಿಸಿದ ಶಾಖೆ. ಮೂರನೆಯದು ಮನಸ್ಸಿಗೆ, ತಿಳಿವಳಿಕೆಗೆ ಸಂಬಂಧಿಸಿದ್ದು. ಚಪಾನಿಸ್ಸನ ಪುಟ್ಟ ಚಕ್ರ ಆ ಬಗೆಯದು. ನಮ್ಮ ಕೀಟನಾಶಕದ ಡಬ್ಬಿಗಳ ಮೇಲಿನ ಬಣ್ಣದ ಗುರುತನ್ನೂ ಇದಕ್ಕೆ ಉದಾಹರಿಸಬಹುದು. ಕೆಂಪು ಅತಿ ಘೋರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಓದು ಬಾರದವನಿಗೂ ತಿಳಿಯಲಿ ಎಂಬುದು ಅದರ ಸದುದ್ದೇಶ. ಆದರೆ ಹಸಿರು ಎಂದರೆ ನಿರಪಾಯ ಎಂದು ಭಾವಿಸಿ ಬರಿಗೈಯಲ್ಲಿ ಕಲಸಿದವರನ್ನು ನಾನು ಕಂಡಿದ್ದೇನೆ. ಗುರುತು ಇಟ್ಟರಾಗದು, ಕಾಣುವವನಿಗೆ ಅದು ಏನನ್ನು ಹೇಳುತ್ತದೆಂಬುದನ್ನೂ ನೋಡಬೇಕು.

ನಮ್ಮ ದೇಶದಲ್ಲಿ ಈ ದಿಕ್ಕಿನ ಕೆಲಸ ನಡೆದೇ ಇಲ್ಲವೆಂದಲ್ಲ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಳ್ಳುವವರನ್ನು ಕಂಡು ಭಾರತ ಸರ್ಕಾರ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ತಂದಿತು. ಕೈಯ ತಪ್ಪೆಂದು ಬಿಡದೆ ಯಂತ್ರವನ್ನು ತಿದ್ದಬೇಕೆಂಬ ವಿವೇಕ ಅದರಲ್ಲಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಭಾರತೀಯರ ಮೈಯಳತೆಗಳ ಗ್ರಂಥವೊಂದನ್ನು ಹೊರತಂದಿತು. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ 2009ರಲ್ಲಿ ಬೇಸಾಯದ ಕೆಲಸಗಾರರ, ಹೆಂಗಸರದೂ ಸೇರಿದಂತೆ, ಅಳತೆಗಳನ್ನೂ ಬಲದ ಪ್ರಮಾಣಗಳನ್ನೂ ಪ್ರಕಟಿಸಿತು. ಕೇರಳ ಕೃಷಿ ವಿಶ್ವವಿದ್ಯಾನಿಲಯದ 'ಕೇರ ಮಿತ್ರ' ಎಂಬ ಸನ್ನೆಯ ಸಲಕರಣೆಯಲ್ಲಿ ಕಾಯಿ ಚುಚ್ಚಿ ಹಿಡಿಯನ್ನು ಎತ್ತಿದರೆ ಮಟ್ಟೆ ಬಿಟ್ಟುಕೊಳ್ಳುತ್ತದೆ. ಹೊರಳಿಸಿ ತಿರುಚುವ ಶ್ರಮವಿಲ್ಲ. ದಕ್ಷಿಣ ಆಫ್ರಿಕದ ಆಂಡ್ರೂ ಥ್ಯಾಚರ್ ಎಂಬ ವಿದ್ವಾಂಸರು 2013ರಲ್ಲಿ 'ಹಸಿರು ಎರ್ಗಾನಾಮಿಕ್ಸ್' ಎಂಬ ಕಲ್ಪನೆಯನ್ನು ವಿವರಿಸಿ, ಮನುಷ್ಯನ ಕ್ಷೇಮ ಮತ್ತು ನಿಸರ್ಗದ ಕ್ಷೇಮ ಪರಸ್ಪರ ಆಶ್ರಯಿಸಿವೆ ಎಂದು ತೋರಿಸಿದರು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿಯ ಗುರಿಗಳಲ್ಲಿ ಎಂಟನೆಯದು ಘನತೆಯ ದುಡಿಮೆಯನ್ನು ಕುರಿತದ್ದು. ಘನತೆ ಎಂಬುದು ಸಂಬಳದಲ್ಲಿ ಮಾತ್ರ ಇರುವುದಿಲ್ಲ; ಸಂಜೆ ನೆಟ್ಟಗೆ ನಿಂತು ಮನೆಗೆ ಹೋಗುವುದರಲ್ಲಿಯೂ ಇದೆ.

ಯಂತ್ರ ಬಂದರೆ ಕೂಲಿ ಹೋದೀತೆಂಬ ಭಯ ನ್ಯಾಯವಾದುದು. ಆದ್ದರಿಂದಲೇ ಆಳನ್ನು ಹೊರಗಟ್ಟುವ ಯಂತ್ರಕ್ಕೂ ಆಳಿನ ಮೈಯನ್ನು ಕಾಯುವ ಸಲಕರಣೆಗೂ ಇರುವ ಭೇದವನ್ನು ನಾವು ಕಾಣಬೇಕು. ಎಲ್ಲಕ್ಕೂ ಹಣವೂ ಬೇಡ. ಸುಲಿಯುವ ಮೊನೆಯನ್ನು ಸುಲಿಯುವವನ ಎತ್ತರಕ್ಕೆ ನೆಡಲು ಖರ್ಚಿಲ್ಲ. ಚಿಪ್ಪು ಬಿಡಿಸುವವರಿಗೆ ಒಂದು ಮಣೆ, ಮೊಣಕಾಲೆತ್ತರದ ಒಂದು ಕಟ್ಟೆ ಕೊಟ್ಟರೆ ಮಂಡಿನೋವು ಎಷ್ಟೋ ತಗ್ಗುತ್ತದೆ. ದೊಡ್ಡ ಚೀಲವನ್ನು ಎರಡು ಮಾಡಿದರೆ ಹೋಗುವುದು ಒಂದು ದಾರದ ಬೆಲೆ. ಮೋಟು ಪೊರಕೆಗೆ ಒಂದು ಕೋಲು ಕಟ್ಟಿದರೆ ಮನೆಯ ಹೆಣ್ಣುಮಕ್ಕಳ ಸೊಂಟ ಉಳಿದೀತು. ಅದಕ್ಕೆ ಯಾವ ಸರ್ಕಾರದ ಸಹಾಯಧನವೂ ಬೇಕಿಲ್ಲ.

ಕೊಟ್ಟಿಗೆಯ ಗೋಡೆಗೆ ನೇತುಬಿದ್ದ ನನ್ನ ಸಲಕರಣೆಯ ಗತಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಅಣ್ಣಯ್ಯನವರ ಮಗನನ್ನೇ ಕರೆದುಕೊಂಡು ಕೆ.ಬಿ. ಕ್ರಾಸಿನ ವೆಲ್ಡಿಂಗ್ ಅಂಗಡಿಗೆ ಹೋದೆ. ಅವರು ಹೇಳಿದಂತೆ ಮೆಟ್ಟನ್ನು ಅಗಲ ಮಾಡಿಸಿ, ಪಾದದ ಪಟ್ಟಿಗೆ ಹಳೆಯ ಟೈರಿನ ರಬ್ಬರು ಹೊಲಿಸಿದೆವು. ಸೊಂಟಕ್ಕೆ ಪಟ್ಟಿಯೊಂದು ಬಂತು. ಅವರು ತರಬೇತಿಗೂ ಹೋಗಿ ಬಂದರು; ವಿಮೆಯ ಕಂತು ನನ್ನದಾಯಿತು. ಮರದ ಲೆಕ್ಕ ಬಿಟ್ಟು ದಿನದ ಲೆಕ್ಕಕ್ಕೆ ಕೂಲಿ ಗೊತ್ತುಮಾಡಿದೆವು. ಮರ ಒದ್ದೆಯಿದ್ದ ದಿನ ಹತ್ತಬಾರದು, ಲಾರಿ ಬಂದರೆ ಲಾರಿ ಕಾಯಬೇಕು ಎಂಬುದು ನಮ್ಮಿಬ್ಬರ ಕರಾರು. ಮೊದಲು ಎರಡು ದಿನಕ್ಕೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ನಾಲ್ಕು ದಿನ ಬೇಕು. ನನಗೆ ಸ್ವಲ್ಪ ಹಣ ಹೆಚ್ಚು ಖರ್ಚಾಗುತ್ತದೆ. ಆದರೆ ಸುಳಿಯಲ್ಲಿ ಹುಳು ಕಂಡರೆ ಅಂದೇ ನನಗೆ ಸುದ್ದಿ ಬರುತ್ತದೆ.

ಕಳೆದ ಬಾರಿ ಅವರು ಕೊನೆಯ ಮರದಿಂದ ಇಳಿದು, ಪಟ್ಟಿ ಬಿಚ್ಚಿ, ತೋಟದ ಬದುವಿನ ಮೇಲೆ ಕುಳಿತಾಗ, “ಹುಡುಗ ನಾನೂ ಕಲೀತೀನಿ ಅಂತಾನೆ ಮೇಷ್ಟ್ರೇ” ಎಂದರು. ಕಲಿಸುತ್ತೀರಾ ಎಂದು ಕೇಳಿದೆ. ತಟ್ಟನೆ ಉತ್ತರ ಕೊಡಲಿಲ್ಲ. ಮರದ ತುದಿಯ ಕಡೆಗೊಮ್ಮೆ ನೋಡಿ, “ಇನ್ನೊಂದು ವರ್ಷ ನೋಡಾನ, ನನ್ನ ಬೆನ್ನು ಹೆಂಗಿರ್ತದೆ ಅಂತ” ಎಂದರು. ಒಂದು ನಾಡಿನ ಅಭಿವೃದ್ಧಿ ಸುಸ್ಥಿರವೋ ಅಲ್ಲವೋ ಎಂಬುದನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆ ನನಗೆ ಕಾಣದು.

(ಬಾನುಲಿ ಭಾಷಣ)